ಜೀನ್ಸ್ ವಾಷಿಂಗ್‌ಗೆ ಆಸಿಡ್ ಎಂಜೈಮೋ, ನ್ಯೂಟ್ರಲ್ಲೋ?

ಬಳ್ಳಾರಿಯಲ್ಲಿ ಹೊಸ ವಾಷಿಂಗ್ ಯೂನಿಟ್ ಹಾಕುವವರು ಜೀನ್ಸ್‌ಗೆ ಮಾಸಿದ ನೋಟ ಕೊಡಲು ಕಲ್ಲಿನ ಜೊತೆ ತಿರುಗಿಸುವುದನ್ನು ಬಿಟ್ಟು, ಹತ್ತಿ ನೂಲಿನ ಮೇಲ್ಪದರವನ್ನು ಸವೆಸುವ ಸೆಲ್ಯುಲೇಸ್ ಎಂಜೈಮ್‌ಗೆ ಬಂದರೆ ಮುಂದಿನ ಪ್ರಶ್ನೆ ಇದೇ.

ಆಸಿಡ್ ಸೆಲ್ಯುಲೇಸ್ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 5ರ ಆಸುಪಾಸಿನಲ್ಲಿ, ಸುಮಾರು 50 ಡಿಗ್ರಿ ಬಿಸಿಯಲ್ಲಿ ಬೇಗ ಕೆಲಸ ಮುಗಿಸುತ್ತದೆ. ಆದರೆ ಬಿಟ್ಟ ನೀಲಿ ಬಣ್ಣ ಮತ್ತೆ ಬಟ್ಟೆಗೇ ಅಂಟುತ್ತದೆ. ಜೇಬಿನ ಬಿಳಿ ಒಳಬಟ್ಟೆ ತಿರುಗಿಸಿ ನೋಡಿದರೆ ಸಾಕು, ಗೊತ್ತಾಗುತ್ತದೆ. ಹೊತ್ತು ಮೀರಿದರೆ ನೂಲೂ ಸವೆಯುತ್ತದೆ. ಬೋರ್‌ವೆಲ್ ನೀರು ಕ್ಷಾರವಾಗಿದ್ದರಂತೂ ಅಸಿಟಿಕ್ ಆಸಿಡ್ ಜಾಸ್ತಿ ಸುರಿಯಬೇಕು, ಆ ಖರ್ಚನ್ನು ಯಾರೂ ಮೊದಲೇ ಹೇಳುವುದಿಲ್ಲ!

ನ್ಯೂಟ್ರಲ್‌ಗೆ ಪಿಎಚ್ 6ರಿಂದ 7 ಸಾಕು. ನಿಧಾನ, ಆದರೆ ಬಿಳಿ ನೂಲು ಬಿಳಿಯಾಗೇ ಉಳಿಯುತ್ತದೆ.

ಪ್ರಯೋಗಾಲಯದಲ್ಲೇ ಎಂಜೈಮನ್ನು ವಿಕಾಸಗೊಳಿಸುವ ವಿಧಾನಕ್ಕೆ ಅಮೆರಿಕದ ವಿಜ್ಞಾನಿ ಫ್ರಾನ್ಸಿಸ್ ಆರ್ನಾಲ್ಡ್ ಅವರಿಗೆ 2018ರಲ್ಲಿ ನೊಬೆಲ್ ಬಂತಲ್ಲ, ಅಂಥ ತಿದ್ದುಪಡಿಯ ಗುರಿಗಳಲ್ಲಿ ಕಡಿಮೆ ಬಿಸಿಯಲ್ಲೇ ಕೆಲಸ ಮಾಡಿಸುವುದೂ ಒಂದು.

ಸದ್ಯಕ್ಕೆ, ಗಾಢ ಬಣ್ಣದ ಸಾದಾ ಪ್ಯಾಂಟಿಗೆ ಆಸಿಡ್ ನಡೆಯುತ್ತದೆ. ಫೇಡ್ ಎದ್ದು ಕಾಣಬೇಕಾದ ಮಾಲಿಗೆ ನಾನಾದರೆ ನ್ಯೂಟ್ರಲ್ಲೇ ಹಾಕುತ್ತೇನೆ.