ಹಡಗಿನ ಕಥೆಯನ್ನು ನಂಬಿ ಹಳೆಯ ಚಿತ್ರ ಕೊಳ್ಳುವವರ ಗಮನಕ್ಕೆ

ಕಳೆದ ದೀಪಾವಳಿಯ ನಂತರ ಬಳ್ಳಾರಿಯಲ್ಲಿ ಹಳೆಯ ಸಾಮಾನು ಮಾರುವ ಒಬ್ಬರಿಂದ ಉಗಿಹಡಗಿನ ಚಿತ್ರವೊಂದನ್ನು 42,000 ರೂಪಾಯಿ ಕೊಟ್ಟು ಕೊಂಡೆ. ಅದು ‘ಗ್ರೇಟ್ ಈಸ್ಟರ್ನ್’ ಎಂಬ ಹಡಗು, 1870ರಲ್ಲಿ ಸೂಯೆಜ್ ಕಾಲುವೆ ದಾಟಿ ಬೊಂಬಾಯಿಗೆ ಬಂದಾಗ ಕಣ್ಣಾರೆ ಕಂಡು ಬರೆದ ತೈಲಚಿತ್ರ, ಇಲ್ಲಿಯ ಕಂಟೋನ್ಮೆಂಟ್ ಬಂಗಲೆಯೊಂದರಲ್ಲಿ ಉಳಿದುಬಂದದ್ದು ಎಂದು ಅವರು ಹೇಳಿದರು. ನಮ್ಮ ತಂದೆಯವರು ತಾರು ಕಚೇರಿಯಲ್ಲಿ ದುಡಿದವರು. ಸಮುದ್ರದ ತಳದಲ್ಲಿ ತಂತಿ ಹಾಸಿದ ಈ ಹಡಗಿನ ಹೆಸರನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ. ಹಾಗಾಗಿ ಚಿತ್ರವನ್ನು ಪರೀಕ್ಷಿಸುವ ಮೊದಲೇ ಮನಸ್ಸು ಕೊಟ್ಟುಬಿಟ್ಟಿದ್ದೆ.

ಮನೆಗೆ ತಂದ ಮೇಲೆ ಹಡಗಿನ ಇತಿಹಾಸವನ್ನು ಓದತೊಡಗಿದೆ. ಬ್ರುನೆಲ್ ಎಂಬ ಎಂಜಿನಿಯರ್ ರೂಪಿಸಿ, 1858ರಲ್ಲಿ ನೀರಿಗಿಳಿದ ಈ ಹಡಗು 692 ಅಡಿ ಉದ್ದವಿತ್ತು. ಎರಡು ಬದಿಗೆ ದೊಡ್ಡ ಚಕ್ರಗಳು, ಹಿಂದೆ ಪ್ರೊಪೆಲ್ಲರ್, ಆರು ಪಟಸ್ತಂಭ, ಐದು ಹೊಗೆಕೊಳವೆ. ಪ್ರಯಾಣಿಕರ ಹಡಗಾಗಿ ನಷ್ಟವನ್ನೇ ಕಂಡ ಅದನ್ನು ಮುಂದೆ ಕೇಬಲ್ ಹಾಸಲು ಬಳಸಿದರು. ಕೇಬಲ್ ಸುರುಳಿಗಳ ತೊಟ್ಟಿಗಳಿಗೆ ಜಾಗ ಬೇಕಾಗಿ ಒಂದು ಹೊಗೆಕೊಳವೆಯನ್ನು 1865ರ ಹೊತ್ತಿಗೇ ತೆಗೆದಿದ್ದರು. 1870ರಲ್ಲಿ ಬೊಂಬಾಯಿ-ಏಡನ್ ಕೇಬಲ್ ಹಾಸಲು ಬಂದದ್ದು ಆಫ್ರಿಕಾದ ತುದಿಯನ್ನು ಸುತ್ತಿಕೊಂಡು; ಚಕ್ರಗಳೂ ಸೇರಿ ಸುಮಾರು 120 ಅಡಿ ಅಗಲದ ಆ ದೇಹಕ್ಕೆ, ಹಿಂದಿನ ವರ್ಷವಷ್ಟೇ ತೆರೆದಿದ್ದ ಸೂಯೆಜ್ ಕಾಲುವೆ ಸಾಲುತ್ತಿರಲಿಲ್ಲ. ನನ್ನ ಚಿತ್ರದಲ್ಲಿ ಮಾತ್ರ ಐದೂ ಕೊಳವೆಗಳು ಹೊಗೆ ಉಗುಳುತ್ತಿದ್ದವು. ಕಣ್ಣಾರೆ ಕಂಡು ಬರೆದವನು ಇಲ್ಲದ ಕೊಳವೆಯನ್ನು ಹೇಗೆ ಕಂಡ?

ಮರುದಿನ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಸಮುದ್ರದ ನೀಲಿ ಒಂದೇ ಬಣ್ಣವಾಗಿರಲಿಲ್ಲ. ನೀಲಿ, ಗುಲಾಬಿ, ಹಳದಿಯ ಸಣ್ಣ ಚುಕ್ಕೆಗಳು ಸಾಲಾಗಿ ಕೂತಿದ್ದವು, ಅಂದರೆ ಅದು ಅಚ್ಚು. ಕುಂಚದ ಗೆರೆಗಳೆಂದು ನಾನು ನಂಬಿದ್ದು ಮೇಲೆ ಬಳಿದ ಪಾರದರ್ಶಕ ಲೇಪ. ಆ ಗೆರೆಗಳು ಹಡಗಿನ ಅಂಚನ್ನು ಲೆಕ್ಕಿಸದೆ ಆಕಾಶದಿಂದ ನೀರಿನವರೆಗೆ ಒಂದೇ ದಿಕ್ಕಿನಲ್ಲಿ ಹರಿದಿದ್ದವು. ಹಿಂಬದಿಯ ಬಟ್ಟೆಯ ಕಂದು ಬಣ್ಣ ಒದ್ದೆ ಹತ್ತಿಗೆ ಹತ್ತಿಕೊಂಡಿತು. ಅದನ್ನು ಕಂಡಾಗ ಹಣಕ್ಕಿಂತ ಹೆಚ್ಚಾಗಿ, ತಂದೆಯವರ ನೆನಪನ್ನೇ ಯಾರೋ ಬಳಸಿಕೊಂಡರೆಂದು ನೋವಾಯಿತು.

ಹಿಂತಿರುಗಿಸಲು ಹೋದಾಗ ಮಾರಾಟಗಾರರು ರಸೀದಿ ತೋರಿಸಿದರು. ಅದರಲ್ಲಿ ‘ಫ್ರೇಮ್ ಹಾಕಿದ ಚಿತ್ರ, 1’ ಎಂದಷ್ಟೇ ಇತ್ತು. ಹಡಗಿನ ಹೆಸರೂ ಇಲ್ಲ, ವರ್ಷವೂ ಇಲ್ಲ. ದಯವಿಟ್ಟು ಯಾರೂ ಹೀಗೆ ಬರಿಗೈಯಲ್ಲಿ ನಿಲ್ಲಬೇಡಿ: ಬಾಯಲ್ಲಿ ಹೇಳಿದ ಹೆಸರು, ಕಾಲ, ಮಾಧ್ಯಮ ಎಲ್ಲವನ್ನೂ ರಸೀದಿಯಲ್ಲಿ ಬರೆಸಿಕೊಳ್ಳಿ. 100 ವರ್ಷಕ್ಕೂ ಹಳೆಯ ಚಿತ್ರವೆಂದು ಮಾರುವವರಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಪರವಾನಗಿ ಇರಬೇಕು. ಅದನ್ನು ಕೇಳಲು ಸಂಕೋಚಪಡಬೇಡಿ. ನಾನು ಕೇಳಿರಲಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಕಾಶವಿರುವುದರಿಂದ, ಚುಕ್ಕೆಗಳು ಕಾಣುವಂತೆ ತೆಗೆದ ಫೋಟೊಗಳನ್ನೂ ರಸೀದಿಯನ್ನೂ ಈಗ ಒಟ್ಟುಗೂಡಿಸುತ್ತಿದ್ದೇನೆ.