ಸಾಗರ ರಸ್ತೆಯ ವೆಲ್ಡಿಂಗ್ ಶಾಪ್: ದುಡ್ಡು ಜಾಸ್ತಿ, ಆದ್ರೆ ಬಿಡಲ್ಲ

ಅಡಿಕೆ ಸುಲಿಯೋ ಮೆಷಿನ್ನಿನ ಫ್ರೇಮ್ ಕಳೆದ ವರ್ಷ ಬೇರೆ ಕಡೆ ಬೆಸೆಸಿದ್ದೆ, ಸೀಸನ್ ಮಧ್ಯದಲ್ಲೇ ಬಿಟ್ಕೊಂಡಿತು. ಈ ಸಲ ಶಿವಮೊಗ್ಗದ ಸಾಗರ ರಸ್ತೆಯಲ್ಲಿರೋ ಒಂದು ಸಣ್ಣ ಶಾಪಿಗೆ ಒಯ್ದೆ. ಹಳೆ ಬೆಸುಗೆಯನ್ನು ಗ್ರೈಂಡರ್‌ನಲ್ಲಿ ಪೂರ್ತಿ ತೆಗೆದು ತೋರಿಸಿದ್ರು, ಒಳಗೆಲ್ಲ ಜೇನುಗೂಡಿನ ಹಾಗೆ ತೂತು. ನಮ್ಮ ಮಳೆಗೆ ವೆಲ್ಡಿಂಗ್ ರಾಡ್ ತೇವ ಹೀರುತ್ತೆ ಸಾರ್ ಅಂದ್ರು. ಇವರು 7018 ಅನ್ನೋ ನಮೂನೆ ರಾಡನ್ನು ಓವನ್‌ನಲ್ಲಿ ಕಾಯಿಸಿಯೇ ಬಳಸ್ತಾರೆ, ತೇವ ಇದ್ರೆ ಅದರ ಹೈಡ್ರೋಜನ್ ಕಬ್ಬಿಣದೊಳಗೆ ಸೇರಿ ಆಮೇಲೆ ಬಿರುಕು ಬಿಡುತ್ತಂತೆ.

ಬೆಸೆದ ಹುಡುಗ ಗಲ್ಫ್‌ನಲ್ಲಿ ಕೆಲಸ ಮಾಡಿ ಬಂದವನು. ಗೋಡೆ ಮೇಲೆ ಅವನು ವೆಲ್ಡರ್ ಪರೀಕ್ಷೆ ಪಾಸಾದ ಐಎಸ್‌ಒ 9606 ಸರ್ಟಿಫಿಕೇಟ್ ಇದೆ, ಅದರಲ್ಲಿ 'ಪಿಎಫ್' ಅಂತ ಬರೆದಿತ್ತು. ಏನಪ್ಪಾ ಇದು ಅಂದೆ. ಕೆಳಗಿಂದ ಮೇಲಕ್ಕೆ ನೆಟ್ಟಗೆ ಬೆಸೆಯೋದು ಸಾರ್, ಐಎಸ್‌ಒ ನಡೆಯೋ ಯಾವ ದೇಶಕ್ಕೆ ಹೋದ್ರೂ ಇದೇ ಅಕ್ಷರ ಅಂದ. ಮನೆಗೆ ಬಂದು ಓದಿದೆ. 1948ರಲ್ಲೇ 13 ದೇಶಗಳ ವೆಲ್ಡಿಂಗ್ ಸಂಘಗಳು ಸೇರಿ ಅಂತಾರಾಷ್ಟ್ರೀಯ ಸಂಸ್ಥೆ ಮಾಡಿಕೊಂಡಿವೆ, ಅಂತಾರಾಷ್ಟ್ರೀಯ ಮಾನದಂಡ ಹೊರಡಿಸೋ ಐಎಸ್‌ಒಗೆ ವೆಲ್ಡಿಂಗ್ ಮಾನದಂಡ ಬರೆದುಕೊಡೋದರಲ್ಲೂ ಅದರ ಕೈ ಇದೆ. ಸರ್ಟಿಫಿಕೇಟ್ ಸಿಕ್ಕಿದ ಮೇಲೂ ಕೆಲಸ ಬಿಟ್ಟಿಲ್ಲ ಅಂತ ಆರು ತಿಂಗಳಿಗೊಮ್ಮೆ ಸಹಿ ಬೀಳಬೇಕಂತೆ. ಡ್ರೈವಿಂಗ್ ಲೈಸೆನ್ಸಿಗೂ ಇಷ್ಟು ಇಲ್ಲ ಅಲ್ವಾ!

ರೇಟು ಜಾಸ್ತಿನೇ. ಫೋನ್ ಎತ್ತಲ್ಲ, ನಾಳೆ ಅಂದ್ರೆ ನಾಡಿದ್ದು. ಮೆಷಿನ್ ಮಾತ್ರ ಈ ಕೊಯ್ಲು ಪೂರ್ತಿ ಓಡಿತು, ಬೆಸುಗೆ ಗೆರೆ ಅಕ್ಕಸಾಲಿ ಮಾಡಿದ ಹಾಗಿದೆ. ಈಗ ಗೇಟ್ ಕೆಲಸವೂ ಇವರಿಗೇ ಕೊಟ್ಟಿದ್ದೀನಿ, ಯಾವಾಗ ಬರುತ್ತೋ ನೋಡಬೇಕು.