ಏಳು ಚಳಿಗಾಲ ಕಂಡ ಬಿಸಿ ನೆಲ: ನಾವೇ ಹಾಕಿದ ಪೈಪಿನ ಅನುಭವ

ನಮ್ಮ ಮನೆಯ ನೆಲದೊಳಗೆ ಸುಮಾರು 1,800 ಅಡಿ ಪೈಪ್ ಮಲಗಿದೆ. 2017ರ ಬೇಸಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ಕೈಯಾರೆ ಹಾಕಿದ್ದು. ಊರು ಅಮೆರಿಕದ ಮಿನೆಸೋಟದಲ್ಲಿ, ಮಿನಿಯಾಪೊಲಿಸ್‌ನಿಂದ ಪಶ್ಚಿಮಕ್ಕೆ ಒಂದು ಗಂಟೆ ದಾರಿ. ಪೈಪಿನಲ್ಲಿ ಬಿಸಿನೀರು ಸುತ್ತುತ್ತದೆ, ಕಾಂಕ್ರೀಟ್ ಬೆಚ್ಚಗಾಗುತ್ತದೆ, ಅದರಿಂದ ಮನೆ ಬೆಚ್ಚಗಾಗುತ್ತದೆ. ಇಷ್ಟೇ ವಿಷಯ. ಮೊದಲ ವರ್ಷವೇ ಬರೆದಿದ್ದರೆ ಬರೀ ಹೊಗಳುತ್ತಿದ್ದೆ. ಏಳು ಚಳಿಗಾಲ ಆದ ಮೇಲೆ ಐದಕ್ಕೆ ನಾಲ್ಕು ಕೊಡುತ್ತೇನೆ.

ಪೈಪ್ ಅರ್ಧ ಇಂಚಿನ ಪೆಕ್ಸ್, ಅಂದರೆ ಬಾಗುವ ಪ್ಲಾಸ್ಟಿಕ್ ಪೈಪು, ಆಮ್ಲಜನಕ ತಡೆಯುವ ಪದರ ಇರುವ ಜಾತಿ. ಕುಡಿಯುವ ನೀರಿಗೆ ಹಾಕುವ ಸಾದಾ ಪೆಕ್ಸ್ ಸ್ವಲ್ಪ ಅಗ್ಗ. ಆದರೆ ಅದರ ಗೋಡೆಯಲ್ಲಿ ಆಮ್ಲಜನಕ ನುಸುಳಿ ನೀರಿಗೆ ಸೇರುತ್ತದೆ. ಆಮೇಲೆ ಪಂಪಿನ ಕಬ್ಬಿಣಕ್ಕೆಲ್ಲ ತುಕ್ಕು. ಇಲ್ಲಿ ಜಿಪುಣತನ ಬೇಡ.

ಒಟ್ಟು ಏಳು ಸುತ್ತು. ಅರ್ಧ ಇಂಚಿನ ಪೈಪಿಗೆ ಒಂದು ಸುತ್ತು 300 ಅಡಿ ದಾಟಬಾರದು. ದಾಟಿದರೆ ನೀರು ತಳ್ಳಲು ಪಂಪು ಒದ್ದಾಡುತ್ತದೆ, ಕೊನೆಗೆ ಬರುವಷ್ಟರಲ್ಲಿ ಬಿಸಿಯೂ ಇರುವುದಿಲ್ಲ. ನಾವು 300 ಅಡಿಯ ಏಳು ಸುರುಳಿ ತಂದು, ಒಂದೊಂದರಲ್ಲಿ ಒಂದೊಂದು ಸುತ್ತು ಮುಗಿಸಿದೆವು. ಹಾಗಾಗಿ ಕಾಂಕ್ರೀಟಿನ ಒಳಗೆ ಒಂದೂ ಜೋಡಣೆ ಇಲ್ಲ. ಹೊರಗೋಡೆಯ ಪಕ್ಕ ಆರಿಂಚಿಗೊಂದು ಸಾಲು, ಮನೆಯ ನಡುವೆ ಒಂದಡಿಗೊಂದು.

ಊರಲ್ಲಿ ಅಡಿಕೆ ತೋಟಕ್ಕೆ ಪೈಪ್ ಎಳೆದ ಕೈ ನನ್ನದು, ಇದೇನು ಮಹಾ ಅಂದುಕೊಂಡಿದ್ದೆ. ಸುರುಳಿಯಿಂದ ಬಿಚ್ಚಿದ ಪೆಕ್ಸ್ ಹಾವಿನ ಹಾಗೆ ಮತ್ತೆ ಸುತ್ತಿಕೊಳ್ಳುತ್ತದೆ. ಒಬ್ಬರಿಂದ ಆಗುವ ಕೆಲಸವೇ ಅಲ್ಲ. ಹೆಂಡತಿ ಸುರುಳಿ ತಿರುಗಿಸುತ್ತಾ ಹಿಂದೆ ಹಿಂದೆ ನಡೆಯುವುದು, ನಾನು ಬಗ್ಗಿ ಕಬ್ಬಿಣದ ಜಾಲರಿಗೆ ಕಟ್ಟುತ್ತಾ ಹೋಗುವುದು. ಎರಡು ದಿನ ಹಿಡಿಯಿತು, ಸೊಂಟ ಒಂದು ವಾರ ಹಿಡಿದುಕೊಂಡಿತ್ತು.

ಕಾಂಕ್ರೀಟ್ ಸುರಿಯುವ ಮುಂಚೆ ಪೈಪಿಗೆ ಗಾಳಿ ತುಂಬಿ ಒತ್ತಡ ನೋಡಬೇಕು. 60 ಪಿಎಸ್‌ಐ (ಒತ್ತಡದ ಅಳತೆ) ಬರುವಷ್ಟು ತುಂಬಿಸಿ ಊಟಕ್ಕೆ ಹೋದೆವು. ರಾತ್ರಿ ಒಂಬತ್ತಕ್ಕೆ ಬಂದು ನೋಡಿದರೆ ಮುಳ್ಳು 56ರಲ್ಲಿದೆ! ಟಾರ್ಚ್ ಹಿಡಿದು, ಮ್ಯಾನಿಫೋಲ್ಡಿನ, ಅಂದರೆ ಏಳೂ ಸುತ್ತಿನ ತುದಿಗಳು ಬಂದು ಸೇರುವ ಕೂಡುಕೊಳವೆಯ, ಒಂದೊಂದು ಜೋಡಣೆಗೂ ಸೋಪಿನ ನೀರು ಸವರಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ಮಾರನೆಯ ದಿನ ಬಿಸಿಲು ಏರಿದ ಮೇಲೆ ಮುಳ್ಳು ತಾನಾಗಿ 60ಕ್ಕೆ ಬಂತು. ತಂಪಾದರೆ ಗಾಳಿಯ ಒತ್ತಡ ಇಳಿಯುತ್ತದೆ, ಅಷ್ಟೇ. ಪಿಯುಸಿಯಲ್ಲಿ ಓದಿದ್ದು ಆ ರಾತ್ರಿ ನೆನಪಿಗೆ ಬರಬೇಡವೇ? ಕಾಂಕ್ರೀಟ್ ಸುರಿಯುವಾಗಲೂ ಆ ಗಾಳಿ ತೆಗೆಯಬೇಡಿ. ಯಾರದೋ ಸಲಿಕೆ ತಾಗಿ ತೂತಾದರೆ ಅಲ್ಲೇ ಗೊತ್ತಾಗುತ್ತದೆ. ಸುರಿಯುವ ಮುಂಚೆ ಟೇಪು ಹಿಡಿದು, ಗೋಡೆಯಿಂದ ಅಳತೆ ಕಾಣುವಂತೆ ಮೂಲೆ ಮೂಲೆಯ ಫೋಟೋ ತೆಗೆದುಕೊಳ್ಳಿ. ನಾಲ್ಕು ವರ್ಷ ಬಿಟ್ಟು ನೆಲಕ್ಕೆ ಒಂದು ಮೊಳೆ ಹೊಡೆಯಬೇಕಾದಾಗ ನಮ್ಮನ್ನು ಕಾಪಾಡಿದ್ದು ಆ ಫೋಟೋಗಳೇ.

ಇನ್ನು ವಾಸದ ಮಾತು. ಬಿಸಿ ನೆಲ ಅಂದರೆ ಕಾದ ಕಾವಲಿ ಅಲ್ಲ. ನಮ್ಮ ನೆಲ ಬಹಳ ದಿನ 24 ಡಿಗ್ರಿಯ ಆಸುಪಾಸು ಇರುತ್ತದೆ, ತೀರಾ ಚಳಿಯಲ್ಲಿ 27. ಕಾಲಿಗೆ ಬಿಸಿ ಅನ್ನಿಸುವುದಿಲ್ಲ, ತಣ್ಣಗಿಲ್ಲ ಅಷ್ಟೇ. 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಮೈನಸ್ 33 ಡಿಗ್ರಿ ಆಗಿತ್ತು. ಆ ದಿನ ನಾವು ಬರಿಗಾಲಲ್ಲಿ ನೆಲದ ಮೇಲೆ ಕೂತು ಊಟ ಮಾಡಿದೆವು. ಗಾಳಿ ಊದುವ ಸದ್ದಿಲ್ಲ, ಧೂಳಿಲ್ಲ.

ಆದರೆ ಇದಕ್ಕೆ ಅವಸರ ಗೊತ್ತಿಲ್ಲ. ನಾಲ್ಕಿಂಚು ಕಾಂಕ್ರೀಟ್ ಕಾಯಲೂ ಗಂಟೆಗಟ್ಟಲೆ, ಆರಲೂ ಗಂಟೆಗಟ್ಟಲೆ. ಒಮ್ಮೆ ಊರಿಗೆ ಹೋಗುವಾಗ ಗ್ಯಾಸ್ ಉಳಿಸೋಣ ಅಂತ ಥರ್ಮೋಸ್ಟಾಟ್ ಇಳಿಸಿದ್ದೆ. ಮೂರು ವಾರ ಬಿಟ್ಟು ಬಂದರೆ ಮನೆ 13 ಡಿಗ್ರಿ. ಮತ್ತೆ ಸರಿಯಾಗಲು ಒಂದೂವರೆ ದಿನ ಬೇಕಾಯಿತು, ಜಾಕೆಟ್ ಹಾಕಿಕೊಂಡೇ ಮಲಗಿದೆವು. ಮಾರ್ಚ್‌ನಲ್ಲಿ ಇನ್ನೊಂದು ಆಟ. ಬೆಳಗಿನ ಚಳಿಗೆ ನೆಲ ಕಾದಿರುತ್ತದೆ, ಹತ್ತಕ್ಕೆ ದಕ್ಷಿಣದ ಕಿಟಕಿಯಿಂದ ಬಿಸಿಲು ಸುರಿಯುತ್ತದೆ. ಆಗ ಹೊರಗೆ ಹಿಮ ಬಿದ್ದಿದ್ದರೂ ಕಿಟಕಿ ತೆರೆಯಬೇಕು. ಒಂದು ಮಟ್ಟಕ್ಕೆ ಇಟ್ಟು ಸುಮ್ನೆ ಬಿಟ್ಟುಬಿಡುವುದೇ ಸರಿ.

ಯಾವ ಕೈಪಿಡಿಯಲ್ಲೂ ಕಾಣದ ಒಂದು ಲಾಭ ಹೇಳುತ್ತೇನೆ. ಚಳಿ ದೇಶದಲ್ಲಿ ದೋಸೆ ಹಿಟ್ಟು ಹುದುಗುವುದಿಲ್ಲ ಅಂತ ಎಲ್ಲರದೂ ಗೋಳು ಅಲ್ವಾ? ಮ್ಯಾನಿಫೋಲ್ಡ್ ಇರುವ ಮೂಲೆಯಲ್ಲಿ ಎಲ್ಲ ಪೈಪುಗಳೂ ಒತ್ತೊತ್ತಾಗಿ ಬಂದು ಸೇರುತ್ತವೆ, ಅಲ್ಲಿ ನೆಲ ಜಾಸ್ತಿ ಬೆಚ್ಚಗೆ. ತೀರ್ಥಹಳ್ಳಿಯಿಂದ ಬಂದ ಅಮ್ಮ ಮೊದಲ ದಿನವೇ ಅಲ್ಲಿ ಅಂಗೈ ಊರಿ, "ಇದೇನೋ, ನೆಲಕ್ಕೆ ಜ್ವರ ಬಂದಹಾಗಿದೆ!" ಅಂದಳು. ಮಾರನೆಯ ದಿನದಿಂದ ಹಿಟ್ಟಿನ ಪಾತ್ರೆಗೆ ಅದೇ ಜಾಗ. ಉಗ್ರಾಣದ ಕೆಳಗೆ ಮಾತ್ರ ಪೈಪ್ ಎಳೆಯಬೇಡಿ. ನಾವು ಎಳೆದು, ಆಲೂಗಡ್ಡೆ ಮೂಟೆಯೆಲ್ಲ ಮೊಳಕೆ ಬಂತು. ದಪ್ಪ ಜಮಖಾನ ಹಾಸಿದರೂ ಶಾಖ ಅಡಿಯಲ್ಲೇ ಉಳಿಯುತ್ತದೆ.

ಬೇಸಿಗೆಗೆ ಇದು ಕೆಲಸಕ್ಕೆ ಬಾರದು. ತಣ್ಣೀರು ಹರಿಸಿದರೆ ನೆಲ ಬೆವರುತ್ತದೆ. ಎಸಿ ಬೇರೆಯೇ ಹಾಕಿಸಬೇಕಾಯಿತು. ಗಾಳಿ ಕೊಳವೆ ಇಲ್ಲದ ಮನೆಯಲ್ಲಿ ಒಗ್ಗರಣೆ ವಾಸನೆ ಎರಡು ದಿನ ಉಳಿಯುತ್ತಿತ್ತು, ಅದಕ್ಕೆ ಗಾಳಿ ಬದಲಿಸುವ ಯಂತ್ರವೂ ಬಂತು. ಪೈಪಿಗೆ ಖರ್ಚಾಗಿದ್ದು ಸಾವಿರ ಡಾಲರಿನ ಆಸುಪಾಸು, ಉಳಿದದ್ದೆಲ್ಲ ಸೇರಿದರೆ ಅದರ ಹಲವು ಪಟ್ಟು. ಗ್ಯಾಸ್ ಬಿಲ್ಲು ಅಕ್ಕಪಕ್ಕದವರಿಗಿಂತ ಕಡಿಮೆ ಹೌದು, ಮಾರುವವರು ಹೇಳಿದಷ್ಟಲ್ಲ. ಏಳು ವರ್ಷದಲ್ಲಿ ಕೆಟ್ಟಿದ್ದು ಒಂದೇ ಪಂಪು. ಪೈಪಿಗೆ ಏನೂ ಆಗಿಲ್ಲ.

ಹಾಗಾದರೆ ಒಂದು ಅಂಕ ಕಳೆದಿದ್ದೇಕೆ? ಅದು ನನ್ನ ತಪ್ಪಿಗೆ. ಪೈಪಿನ ಅಡಿಗೆ ಎರಡು ಇಂಚಿನ ಗಟ್ಟಿ ಫೋಮ್ ಹಾಸಿದ್ದೆವು, ನೆಲದ ಅಂಚಿಗೂ ಸುತ್ತ ನಿಲ್ಲಿಸಿದ್ದೆವು. ಶಾಖ ಹೆಚ್ಚು ಸೋರುವುದು ಅಂಚಿನಲ್ಲೇ. ಹಿತ್ತಿಲ ಬಾಗಿಲ ಹತ್ತಿರ ಬಂದಾಗ ಫೋಮ್ ಮುಗಿದಿತ್ತು. ಶುಕ್ರವಾರ ಸಂಜೆ, ಅಂಗಡಿ ದೂರ, ಶನಿವಾರ ಬೆಳಗ್ಗೆ ಕಾಂಕ್ರೀಟ್ ಲಾರಿ. ಬಾಗಿಲಗಲದ ಜಾಗ ತಾನೇ ಅಂತ ಬಿಟ್ಟೆ. ಈಗ ಪ್ರತಿ ಚಳಿಗಾಲ ಆ ಬಾಗಿಲ ಹೊರಗೆ ಎರಡು ಗೇಣು ಹಿಮ ಕರಗಿ ಕಪ್ಪು ನೆಲ ಕಾಣುತ್ತದೆ, ಗುಬ್ಬಿಗಳು ಬಂದು ಸಾಲಾಗಿ ಕೂರುತ್ತವೆ. ಒಳಗೆ ಮಾತ್ರ ಅದೇ ಜಾಗದಲ್ಲಿ ಕಾಲು ತಣ್ಣಗಾಗುತ್ತದೆ. ಸರಿ ಮಾಡಬೇಕಾದರೆ ಹೊರಗಿನ ಮೆಟ್ಟಿಲು ಒಡೆದು, ಅಗೆದು, ಫೋಮ್ ಇಳಿಸಬೇಕು. ಈ ಜೂನ್‌ನಲ್ಲಿ ಮಾಡುತ್ತೇನೆ ಅಂದಿದ್ದೇನೆ. ಹೆಂಡತಿ ಈ ಮಾತನ್ನು ನಾಲ್ಕು ಜೂನ್‌ನಿಂದ ಕೇಳುತ್ತಿದ್ದಾಳೆ.